ಚಳಿಗಾಲದಲ್ಲಿ ಮಾತ್ರ ಮುನಿಯುತ್ತಿದ್ದ ಕೋವಿ

2024ರ ಡಿಸೆಂಬರ್ ಕೊನೆಯ ವಾರ. ಆಫೀಸಿಗೆ ರಜೆ ಹಾಕಿ ಊರಿಗೆ ಬಂದಿದ್ದೆ. ನಮ್ಮೂರು ಬೈಂದೂರು ತಾಲೂಕಿನ ಒಳಭಾಗದಲ್ಲಿ, ಘಟ್ಟದ ಬುಡದಲ್ಲಿದೆ. ಬೆಳಗ್ಗೆ ಆರೂವರೆ ಇರಬಹುದು. ತೋಟದ ಕಡೆಯಿಂದ ಬೊಂಡ ಬೀಳುವ ದಡ್ ದಡ್ ಸದ್ದು. ಮಂಗಗಳು ಬಂದಿದ್ದವು. ಅಪ್ಪಯ್ಯ ಅಜ್ಜಯ್ಯನ ಕಾಲದ ರೈಫಲ್ ಎತ್ತಿಕೊಂಡು ಹೊರಟರು. ನಾನೂ ಚಾದರ ಹೊದ್ದುಕೊಂಡು ಹಿಂದೆ ಹೋದೆ.

ತಪ್ಪು ತಿಳಿಯಬೇಡಿ, ಪ್ರಾಣಿಗೆ ಹೊಡೆಯಲಿಕ್ಕಲ್ಲ. ನಮ್ಮದು ಬೆಳೆ ರಕ್ಷಣೆಯ ಪರವಾನಗಿ. ಅದಿದೆ ಎಂದು ಕಾಡುಪ್ರಾಣಿ ಕೊಲ್ಲುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅಪ್ಪಯ್ಯ ಮಾಡುವುದಿಷ್ಟೇ: ಧರೆಯ ಬುಡದಲ್ಲಿರುವ ಮೆತ್ತನೆ ಮಣ್ಣಿನ ರಾಶಿಗೆ ಒಂದು ಈಡು ಬಿಡುವುದು. ಸದ್ದಿಗೆ ಮಂಗಗಳು ಹತ್ತು ನಿಮಿಷ ಆಚೆ ಹೋಗುತ್ತವೆ, ಆಮೇಲೆ ಮತ್ತೆ ಬರುತ್ತವೆ. ಅದು ಬೇರೆ ಕಥೆ.

ಅವತ್ತು ಟ್ರಿಗರ್ ಎಳೆದರೆ ಬರೀ ‘ಟಕ್’. ಈಡು ಇಲ್ಲ. ಅಪ್ಪಯ್ಯ ಎರಡು ಸೆಕೆಂಡ್ ಕಾದರು, ಅಷ್ಟೇ. ಕೋವಿ ಕೆಳಗಿಳಿಸಿ ನನ್ನ ಕಡೆ ತಿರುಗಿ, “ಕಾಣ್ ಮಗಾ, ಮತ್ತೆ ಹಾರ್ಲಿಲ್ಲ” ಅಂದರು. ಅವರೊಂದಿಗೆ ನಳಿಗೆಯೂ ತಿರುಗಿತ್ತು. ನೇರ ನನ್ನ ಹೊಟ್ಟೆಯ ಕಡೆಗೆ.

ಜಗಲಿಯಲ್ಲಿ ನಿಂತಿದ್ದ ಅಮ್ಮ ಕೂಗಿದರು: “ಆಚಿಗ್ ತಿರ್ಗ್ಸಿ ಮರಾಯ್ರೆ!”

ಏನೂ ಆಗಲಿಲ್ಲ. ಆದರೆ ಆ ದಿನ ನನಗೆ ತಿಂಡಿ ಸೇರಲಿಲ್ಲ. “ಮತ್ತೆ ಹಾರ್ಲಿಲ್ಲ” ಅಂದರಲ್ಲ, ಹಾಗಾದರೆ ಇದು ಮೊದಲ ಸಲ ಅಲ್ಲ. ಎಷ್ಟು ಸಲ ಹೀಗಾಗಿದೆ? ಪ್ರತಿ ಸಲವೂ ಹೀಗೇ ತಿರುಗಿದ್ದಾರಾ?

ಹಾರದ ತೋಟೆ ಸತ್ತ ತೋಟೆ ಅಲ್ಲ

ಬ್ರಹ್ಮಾವರದಲ್ಲಿ ನನ್ನ ಸೋದರಮಾವ ಇದ್ದಾರೆ. ಕಾಲೇಜಿನಲ್ಲಿ ಮೇಷ್ಟ್ರಾಗಿ, ಎನ್‌ಸಿಸಿ ಅಧಿಕಾರಿಯಾಗಿ ನಿವೃತ್ತರಾದವರು. ನಿಮ್ಮಲ್ಲಿ ಎನ್‌ಸಿಸಿ ಮಾಡಿದವರಿದ್ದರೆ ಕ್ಯಾಂಪಿನಲ್ಲಿ ಮಲಗಿಕೊಂಡು ಫೈರಿಂಗ್ ಮಾಡಿದ್ದು ನೆನಪಿರಬಹುದು. ಆ ‘ಪಾಯಿಂಟ್ ಟೂಟೂ’ ರೈಫಲಿನದೇ ಜಾತಿ ನಮ್ಮ ಮನೆಯದ್ದೂ. ಮಾವನಿಗೆ ಫೋನ್ ಮಾಡಿದೆ. ಅವರು ಕೋವಿಗೆ ಏನಾಗಿದೆ ಎಂದು ಕೇಳಲಿಲ್ಲ. ಮೊದಲು ಕೇಳಿದ್ದು, “ಹಾರ್ಲಿಲ್ಲ ಅಂದ್ಮೇಲೆ ಭಾವ ಎಷ್ಟ್ ಹೊತ್ತ್ ಕಾದ್ರ್?”

ಎರಡು ಸೆಕೆಂಡ್ ಅಂದೆ. ಅವರ ದನಿ ಗಟ್ಟಿಯಾಯಿತು.

“ಸತ್ತ್ ಹಾವು, ಹಾರದ್ ತೋಟೆ ಎರಡೂ ಒಂದೇ ಹೆಣೆ. ಸತ್ತಿತ್ ಅಂದೇಳಿ ಕೈ ಹಾಕುಕಾಗ.”

ವಿಷಯ ಹೀಗಿದೆ. ಟ್ರಿಗರ್ ಎಳೆದಾಗ ತೋಟೆಯೊಳಗಿನ ಕಿಡಿಮದ್ದು ಹತ್ತಿಕೊಂಡು, ಅದರಿಂದ ಉಳಿದ ಮದ್ದು ಉರಿಯಬೇಕು. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆದರೆ ಅಪರೂಪಕ್ಕೊಮ್ಮೆ ಕಿಡಿ ನಿಧಾನಕ್ಕೆ ಹತ್ತಿಕೊಂಡು ಈಡು ತಡವಾಗಿ ಹಾರುವುದುಂಟು. ಇಂಗ್ಲಿಷಿನವರು ಅದನ್ನು ‘ಹ್ಯಾಂಗ್ ಫೈರ್’ ಅನ್ನುತ್ತಾರೆ. ಆ ಹೊತ್ತಿಗೆ ನಳಿಗೆ ಯಾರ ಕಡೆಗಿದೆ ಅನ್ನುವುದೇ ಪ್ರಶ್ನೆ. ಅವಸರಕ್ಕೆ ಬೋಲ್ಟ್ ಎಳೆದರೆ ತೋಟೆ ಮುಖದ ಹತ್ತಿರವೇ ಸಿಡಿಯಬಹುದು.

ಸಣ್ಣ ಕೋವಿ ಎಂದು ಸಸಾರ ಮಾಡುವಂತಿಲ್ಲ. ಪಾಯಿಂಟ್ ಟೂಟೂ ಗುಂಡಿನ ತೂಕ ಸಾಮಾನ್ಯವಾಗಿ ಎರಡೂವರೆ ಗ್ರಾಂ ಆಸುಪಾಸು. ಆದರೆ ಸೆಕೆಂಡಿಗೆ 300 ಮೀಟರಿಗಿಂತ ಹೆಚ್ಚು ವೇಗದಲ್ಲಿ ಹೊರಡುತ್ತದೆ, ಎದುರಿಗೆ ಏನೂ ಅಡ್ಡ ಇಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಕೆಂಪುಕಲ್ಲಿಗೋ ನೀರಿಗೋ ಬಡಿದರೆ ಸಿಡಿದು ಎಲ್ಲಿಗೋ ಹಾರುತ್ತದೆ. ಅದಕ್ಕೇ ಮಣ್ಣಿನ ರಾಶಿ.

ಅಜ್ಜಯ್ಯನಿಗೆ ಇದೆಲ್ಲ ಗೊತ್ತಿತ್ತು. ಈಡು ಹಾರದಿದ್ದರೆ ನಳಿಗೆ ಮಣ್ಣಿನ ಕಡೆಗೇ ಹಿಡಿದು, ಬಾಯಿ ಬಿಟ್ಟು ನೂರು ಎಣಿಸುತ್ತಿದ್ದರಂತೆ. ಫೈರಿಂಗ್ ರೇಂಜುಗಳಲ್ಲಿ ಅರ್ಧ ನಿಮಿಷ, ಒಂದು ನಿಮಿಷ ಎಂದು ಬೇರೆ ಬೇರೆ ನಿಯಮ ಇರುತ್ತದೆ. ನೂರು ಎಣಿಸಿದರೆ ಎಲ್ಲದಕ್ಕೂ ಸಾಕು. ಅಪ್ಪಯ್ಯನಿಗೆ ಅದು ಗೊತ್ತಿರಲಿಲ್ಲ ಅಂತಲ್ಲ. ವರ್ಷಗಟ್ಟಲೆ ಸರಿಯಾಗಿ ಹಾರಿದ ಕೋವಿ, ಎಣಿಸುವುದು ಮರೆತು ಹೋಗಿತ್ತು.

ಅಂಚಿಗೆ ಹೊಡೆಯುವ ಕೋವಿ

ನಮ್ಮ ಕಡೆ ಹಳಬರಿಗೆ ಹೆಚ್ಚು ಪರಿಚಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದರೆ ಅದು ಹಾರುವುದಿಲ್ಲ. ಹಾಗಾಗಿ ಯಾವ ಕೋವಿ ಕೈಕೊಟ್ಟರೂ ಊರಿನವರ ತೀರ್ಮಾನ ಒಂದೇ: ಥಂಡಿ. ಪಕ್ಕದ ಮನೆಯವರೂ ಅದನ್ನೇ ಅಂದರು. “ತೋಟೆ ಥಂಡಿ ಹಿಡ್ದಿರ್ಕ್. ಎರಡ್ ದಿನ ಬಿಸ್ಲಿಗ್ ಇಡಿ.”

ದಯವಿಟ್ಟು ಇಂಥ ಸಲಹೆ ಕೇಳಬೇಡಿ. ತೋಟೆಯನ್ನು ಬಿಸಿಲಿಗೋ ಒಲೆ ಹತ್ತಿರವೋ ಇಡುವುದು ಹಪ್ಪಳ ಒಣಗಿಸಿದ ಹಾಗಲ್ಲ.

ನಮ್ಮ ರೈಫಲಿನ ಸಂಗತಿಯೇ ಬೇರೆ. ಅದು ‘ರಿಮ್‌ಫೈರ್’. ಹನ್ನೆರಡು ಬೋರಿನ ತೋಟೆ ತಿರುಗಿಸಿ ನೋಡಿದರೆ ಬೆನ್ನಿನ ನಡುವೆ ಒಂದು ಗುಂಡಗಿನ ಕೇಪು ಕಾಣುತ್ತದೆ. ಪಾಯಿಂಟ್ ಟೂಟೂ ತೋಟೆಯಲ್ಲಿ ಅದಿಲ್ಲ. ಹಿತ್ತಾಳೆಯ ಸಣ್ಣ ಡಬ್ಬಿಯ ತಳದಲ್ಲಿ ತೆಳ್ಳಗಿನ ಅಂಚು ಮಡಚಿರುತ್ತದೆ. ಕಿಡಿಮದ್ದನ್ನು ಒದ್ದೆ ಇರುವಾಗಲೇ ಡಬ್ಬಿಯೊಳಗೆ ಹಾಕಿ ಗರಗರ ತಿರುಗಿಸುತ್ತಾರೆ. ಅದು ಆ ಅಂಚಿನೊಳಗೆ ಸುತ್ತಲೂ ಕೂತು ಒಣಗುತ್ತದೆ. ಫೈರಿಂಗ್ ಪಿನ್ ಬಂದು ಅಂಚಿಗೆ ಬಡಿದಾಗ, ಪಿನ್ನಿಗೂ ನಳಿಗೆಯ ಹಿಂಬದಿಯ ಉಕ್ಕಿಗೂ ನಡುವೆ ಸಿಕ್ಕಿ ಅಂಚು ಅಪ್ಪಚ್ಚಿಯಾಗುತ್ತದೆ, ಕಿಡಿ ಹಾರುತ್ತದೆ.

ಈ ಉಪಾಯ ಹಳೆಯದು. ಫ್ರಾನ್ಸಿನ ಫ್ಲೋಬರ್ ಎಂಬವರು 1845ರ ಸುಮಾರಿಗೆ ಮನೆಯೊಳಗೆ ಗುರಿ ಅಭ್ಯಾಸ ಮಾಡುವ ಪುಟ್ಟ ತೋಟೆ ಮಾಡಿದರು. 1857ರಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಪಾಯಿಂಟ್ ಟೂಟೂ ಶಾರ್ಟ್ ತಂದಿತು. ಈಗಲೂ ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ತೋಟೆ ಬಂದದ್ದು 1887ರಲ್ಲಿ.

ಹೊಡೆತ ಅಂಚಿಗೇ ಬೀಳಬೇಕು, ಸಾಕಷ್ಟು ಜೋರಾಗಿಯೂ ಬೀಳಬೇಕು. ರಿಮ್‌ಫೈರ್ ಕೈಕೊಡಲು ಕಾರಣಗಳನ್ನು ಮಾವ ಬೆರಳು ಮಡಚಿ ಹೇಳಿದರು:

ಒಂದು, ತೋಟೆಯದ್ದೇ ದೋಷ. ಅಂಚಿನ ಒಂದು ಕಡೆ ಮದ್ದು ಸರಿಯಾಗಿ ಕೂತಿಲ್ಲ, ಪಿನ್ ಅಲ್ಲೇ ಬಡಿದಿದೆ.

ಎರಡು, ಹೊಡೆತದಲ್ಲಿ ಜೋರಿಲ್ಲ. ಸ್ಪ್ರಿಂಗ್ ಸೋತಿದೆ, ಪಿನ್ ಸವೆದಿದೆ, ಇಲ್ಲವೇ ಒಳಗೆ ಜಿಡ್ಡು ಕಟ್ಟಿ ಪಿನ್ ತಡವರಿಸುತ್ತಿದೆ.

ಮೂರು, ತೋಟೆ ಪೂರ್ತಿ ಒಳಗೆ ಕೂತಿಲ್ಲ. ಚೇಂಬರಿನಲ್ಲಿ ಸೀಸ, ಮೇಣ, ಮಸಿ ಕಟ್ಟಿಕೊಂಡಿದ್ದರೆ ಪಿನ್ನಿನ ಹೊಡೆತ ತೋಟೆಯನ್ನು ಮುಂದೆ ತಳ್ಳುವುದರಲ್ಲೇ ಮುಗಿದುಹೋಗುತ್ತದೆ.

ನಾಲ್ಕು, ಚೇಂಬರಿನ ಅಂಚೇ ಜಜ್ಜಿಹೋಗಿದೆ. ತೋಟೆ ಇಲ್ಲದೆ ಸುಮ್ಮನೆ ಟ್ರಿಗರ್ ಎಳೆದು ಆಡುತ್ತಾ ಬಂದರೆ ಪಿನ್ ಉಕ್ಕಿಗೆ ಬಡಿದು ಬಡಿದು ಅಲ್ಲಿ ಗುಳಿ ಬೀಳುತ್ತದೆ. ಆಮೇಲೆ ಅಂಚಿಗೆ ಹಿಂದಿನಿಂದ ಆಸರೆಯೇ ಇರುವುದಿಲ್ಲ.

ನೋಟ್‌ಬುಕ್ ಹೇಳಿದ್ದು

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ದೋಷ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಮೊದಲು ನೋಡುವುದು ನನ್ನ ಹೊಟ್ಟೆಪಾಡು. ಕೋವಿ ಮುಟ್ಟದೆ ಎಷ್ಟು ಗೊತ್ತಾಗುತ್ತದೋ ಅಷ್ಟು ನೋಡೋಣ ಅಂದುಕೊಂಡೆ. ಅಪ್ಪಯ್ಯನಿಗೆ “ನಾನು ಹೇಳುವವರೆಗೆ ಕೋವಿ ಕಪಾಟಿನಿಂದ ತೆಗೆಯಬೇಡಿ” ಅಂದೆ. ಮುಖ ಸಣ್ಣದು ಮಾಡಿಕೊಂಡರು, ಆದರೆ ಒಪ್ಪಿದರು.

ಅಪ್ಪಯ್ಯ ಹಾರದ ತೋಟೆಗಳನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ಆರು ಇದ್ದವು. ಹಾರಿದ ಖಾಲಿ ಡಬ್ಬಿಗಳೂ ಇದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟು ಮೊಬೈಲಿನ ಮ್ಯಾಕ್ರೋ ಕ್ಯಾಮೆರಾದಲ್ಲಿ ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಹಾರಿದವುಗಳ ಅಂಚಿನಲ್ಲಿ ಪಿನ್ನಿನ ಗುರುತು ಆಳವಾಗಿ, ಚೂಪಾಗಿತ್ತು. ಹಾರದವುಗಳಲ್ಲಿ ಉಗುರಿನಿಂದ ಒತ್ತಿದಷ್ಟೇ. ಗುರುತು ಆಳ ಇದ್ದೂ ಹಾರದಿದ್ದರೆ ತೋಟೆಯ ಮೇಲೆ ಅನುಮಾನ ಪಡಬೇಕು. ಗುರುತೇ ಮೇಲೆಮೇಲೆ ಇದ್ದರೆ ಕೋವಿಯ ಮೇಲೆ. ಆರರಲ್ಲಿ ನಾಲ್ಕು ಹಳೇ ಪೆಟ್ಟಿಗೆಯವು, ಎರಡು ಹೊಸ ಪೆಟ್ಟಿಗೆಯವು. ಅಂದರೆ ಥಂಡಿಯ ವಾದ ಅಲ್ಲಿಗೆ ಬಿತ್ತು.

ಇನ್ನು ನೋಟ್‌ಬುಕ್. ಪ್ರತಿ ತೋಟೆಗೂ ಲೆಕ್ಕ ಇಡುವುದು ಅಜ್ಜಯ್ಯನ ಕಾಲದಿಂದ ಬಂದ ಶಿಸ್ತು. ತಾರೀಕು, ಹೊತ್ತು, ಎಷ್ಟು ತೋಟೆ, ಎಲ್ಲ ಅಪ್ಪಯ್ಯ ಬರೆದಿಡುತ್ತಾರೆ. ಹಾರದಿದ್ದರೆ ಪಕ್ಕದಲ್ಲಿ ‘ಇಲ್ಲ’ ಅಂತ. 2024ರ ಜೂನ್‌ನಿಂದ ಒಟ್ಟು 19 ಸಲ. ಅದರಲ್ಲಿ ಆರು ‘ಇಲ್ಲ’. ಮಳೆಗಾಲದಲ್ಲಿ ಒಂದೂ ಇರಲಿಲ್ಲ! ಥಂಡಿ ಅನ್ನುವವರು ಇದನ್ನು ನೋಡಬೇಕಿತ್ತು. ಆರೂ ದೀಪಾವಳಿ ಕಳೆದ ಮೇಲಿನವು, ಎಲ್ಲವೂ ಬೆಳಗ್ಗೆ ಏಳೂವರೆ ಒಳಗಿನವು. ಅದೇ ಡಿಸೆಂಬರಿನಲ್ಲಿ ಮಧ್ಯಾಹ್ನ ಬಿಟ್ಟ ಮೂರೂ ಈಡು ಹಾರಿದ್ದವು.

ಚಳಿಗೆ ಮುನಿಯುವ ಕೋವಿ. ಯಾಕೆ?

ಉತ್ತರ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಮರುದಿನ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚೋಣ ಎಂದು ಬಾಟಲಿ ಬೋರಲು ಹಾಕಿದರೆ ಒಂದು ಹನಿಯೂ ಬೀಳಲಿಲ್ಲ. ತೆಂಗಿನೆಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬಿಸಿಲು ಬಂದ ಮೇಲೆ ಕರಗುತ್ತದೆ. ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಜಗಲಿಗೆ ಬಂದೆ.

“ಅಪ್ಪಯ್ಯ, ಕೋವಿಗೆ ಯಾವ ಎಣ್ಣೆ ಹಾಕಿದ್ದು?”

ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು. “ಅಮ್ಮನ ಹೊಲಿಗೆ ಮೆಷಿನ್ ಎಣ್ಣೆ ಖಾಲಿ ಆಗಿತ್ತ್ ಮಗಾ...”

ಅರ್ಥವಾಯಿತು. 2024ರ ಲೋಕಸಭಾ ಚುನಾವಣೆ. ಪ್ರತಿ ಚುನಾವಣೆಯ ಹಾಗೆ ಆಗಲೂ ಪರವಾನಗಿ ಕೋವಿಗಳನ್ನು ಠೇವಣಿ ಇಡಬೇಕಾಗಿತ್ತು. ನಮ್ಮ ಕಡೆ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟು ದಿನ ಯಾರೂ ಒರೆಸುವವರಿಲ್ಲದೆ ತುಕ್ಕು ಹಿಡಿದೀತು ಎಂದು ಅಪ್ಪಯ್ಯ, ಪ್ರೀತಿಯಿಂದಲೇ, ಬೋಲ್ಟಿನ ಸಂದುಗೊಂದಿಗೆಲ್ಲ ಧಾರಾಳ ತೆಂಗಿನೆಣ್ಣೆ ಬಿಟ್ಟು ಕೊಟ್ಟುಬಂದಿದ್ದರು. ಉಪ್ಪುಗಾಳಿಯ ಊರಿನಲ್ಲಿ ತುಕ್ಕಿನ ಹೆದರಿಕೆ ಸುಳ್ಳಲ್ಲ. ಆದರೆ ಎಣ್ಣೆ ತಪ್ಪು.

ಕುಂಕುಮದ ಬಣ್ಣದ ಬೆಣ್ಣೆ

ನನ್ನ ಊಹೆ ಸರಿಯೆಂದು ನನಗೆ ಗ್ಯಾರಂಟಿ. ಆದರೂ ಬೋಲ್ಟ್ ಬಿಚ್ಚಲು ಹೋಗಲಿಲ್ಲ. ಯೂಟ್ಯೂಬ್ ನೋಡಿಕೊಂಡು ಬಿಚ್ಚುವ ವಸ್ತು ಇದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ವೃತ್ತಿಗೂ ಪರವಾನಗಿ ಬೇಕು. ನಾನು ಪರವಾನಗಿದಾರಳಲ್ಲ, ಸುಮ್ಮನೆ ಕೋವಿ ಹೊತ್ತು ತಿರುಗುವಂತೆಯೂ ಇಲ್ಲ. ಕೊಡಗಿನವರಿಗಿರುವ ವಿನಾಯಿತಿ ನಮಗಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ಒಂದು ದಾರಿ ಇದೆ: ಪರವಾನಗಿದಾರರು ಲಿಖಿತ ಒಪ್ಪಿಗೆ ಕೊಟ್ಟರೆ ಬೇರೆಯವರು ಅದನ್ನು ರಿಪೇರಿಗೋ ನವೀಕರಣಕ್ಕೋ ಒಯ್ಯಬಹುದು. ಅಪ್ಪಯ್ಯನಿಗೆ ಮಂಡಿನೋವು. ಪತ್ರ ಬರೆದು ಸಹಿ ಹಾಕಿಕೊಟ್ಟರು. ಪರವಾನಗಿ ಪುಸ್ತಕ, ಪತ್ರ, ಖಾಲಿ ಕೋವಿ, ಬೇರೆ ಚೀಲದಲ್ಲಿ ಹಾರದ ಆರು ತೋಟೆ. ಕುಂದಾಪುರದಲ್ಲಿ ತಮ್ಮನನ್ನು, ಬ್ರಹ್ಮಾವರದಲ್ಲಿ ಮಾವನನ್ನು ಹತ್ತಿಸಿಕೊಂಡು ಕಾರಿನಲ್ಲಿ ಮಂಗಳೂರಿನ ಒಂದು ಅಧಿಕೃತ ಕೋವಿ ಅಂಗಡಿಗೆ ಹೋದೆವು.

ಅಲ್ಲಿನ ಹಿರಿಯ ಮಿಸ್ತ್ರಿ ಮೊದಲು ಚೇಂಬರ್ ಖಾಲಿ ಇದೆಯಾ ಎಂದು ಕಣ್ಣಿನಲ್ಲೂ ಬೆರಳಿನಲ್ಲೂ ನೋಡಿದರು. ನಾವು ನೋಡಿಯೇ ತಂದಿದ್ದೇವೆ ಅಂದರೂ ನೋಡಿದರು. ಆಮೇಲೆ ಬೋಲ್ಟ್ ಬಿಚ್ಚಿದರು. ಪಿನ್ನಿನ ಸುತ್ತ, ಸ್ಪ್ರಿಂಗಿನ ಸುರುಳಿಗಳ ನಡುವೆ, ತೆಳುಗೆಂಪು ಬಣ್ಣದ ಬೆಣ್ಣೆಯಂಥದ್ದು.

“ಇದು ಎಂತ ಮೇಡಂ, ಕಾಯಿ ಎಣ್ಣೆಯಾ? ಕೆಂಪು ಯಾಕೆ?”

ತಮ್ಮ ನಗಲು ಶುರು ಮಾಡಿದ. ಅಕ್ಟೋಬರಿನ ಆಯುಧಪೂಜೆಯ ಕುಂಕುಮ! ಕಾರು, ಪಂಪ್‌ಸೆಟ್, ಕತ್ತಿ, ಕೋವಿ, ಎಲ್ಲದಕ್ಕೂ ಅಮ್ಮ ಕುಂಕುಮ ಹಚ್ಚಿದ್ದರು. ಅದು ಎಣ್ಣೆಗೆ ಅಂಟಿ, ಹಳೇ ಮಸಿಯೊಂದಿಗೆ ಸೇರಿ ಒಳಗೆ ಇಳಿದಿತ್ತು. ಮಳೆಗಾಲದಲ್ಲಿ ಸಮಸ್ಯೆ ಕಾಣದೆ ದೀಪಾವಳಿ ನಂತರ ಶುರುವಾದದ್ದು ಚಳಿಯಿಂದ ಮಾತ್ರವಲ್ಲ, ಕುಂಕುಮದ ಪಾಲೂ ಇತ್ತು.

ಅವರು ಎಲ್ಲವನ್ನೂ ತೊಳೆದು ಒರೆಸಿ, ಸ್ಪ್ರಿಂಗ್ ಪರೀಕ್ಷಿಸಿ, ಪಿನ್ನಿನ ತುದಿ, ಚೇಂಬರಿನ ಅಂಚು ಭೂತಗನ್ನಡಿಯಲ್ಲಿ ನೋಡಿದರು. ಅಂಚು ಚೆನ್ನಾಗಿತ್ತು. “ಯಾರೋ ಜೋಪಾನ ಮಾಡಿದ್ದಾರೆ” ಅಂದರು. ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮ್ ಎಂಬ ಅಕ್ಷರಗಳಿವೆ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು ಎಂದು ಅವರ ಅಂದಾಜು. ನಳಿಗೆಯೊಳಗೆ ಅಲ್ಲಲ್ಲಿ ಸಣ್ಣ ಗುಳಿಗಳಿವೆ. ಹಳೇ ಕಾಲದ ತೋಟೆಗಳ ಕಿಡಿಮದ್ದು ಉರಿದ ಮೇಲೆ ಉಪ್ಪಿನಂಥ ಅಂಶ ಉಳಿಯುತ್ತಿತ್ತು, ಅದು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತಿತ್ತು. ಅದರ ಗಾಯ ಅವು.

ಕೊನೆಗೆ ಮೂರು ಮಾತು ಹೇಳಿದರು. ಬೋಲ್ಟಿನ ಒಳಗೆ ಎಣ್ಣೆ ಸುರಿಯಬಾರದು, ತೆಳ್ಳಗಿನ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಮುಟ್ಟಿಸಿ ಒರೆಸಿದರೆ ಸಾಕು. ಹಾರದ ತೋಟೆಯನ್ನು ಕೆದಕುವುದು, ಕಸಕ್ಕೆ ಎಸೆಯುವುದು, ಬೆಂಕಿಗೆ ಹಾಕುವುದು ಕೂಡದು, ಅಂಗಡಿಗೆ ತಂದುಕೊಡಿ. ಮೂರನೆಯದು ನನಗೆ ಹೊಸದು: ‘ಟಕ್’ ಅಲ್ಲದೆ ‘ತುಸ್’ ಎಂದು ಮೆಲ್ಲಗೆ ಸದ್ದು ಬಂದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ‘ತುಸ್’ ಕೇಳಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ.

ಯಾರ ಹೆಸರಿಗೆ?

ಜನವರಿಯಲ್ಲಿ ಅಪ್ಪಯ್ಯ ಫೋನ್ ಮಾಡಿದರು. ಬೆಳಗ್ಗೆ ಆರೂವರೆಗೆ ನಾಲ್ಕು ದಿನ ನಾಲ್ಕು ಈಡು, ನಾಲ್ಕೂ ಹಾರಿದವು. ದನಿಯಲ್ಲಿ ಖುಷಿ. ನಾನೂ ಖುಷಿಪಟ್ಟೆ. ಆದರೆ ಅದರ ಜೊತೆಗೇ ಅವರು ಇನ್ನೊಂದು ಮಾತು ತೆಗೆದರು.

ಅಜ್ಜಯ್ಯನ ಪುಸ್ತಕದಲ್ಲಿ 1964ರ ಮುದ್ರೆ ಇದೆ: ಮೈಸೂರು ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ, ಕುಂದಾಪುರ ತಾಲೂಕು. ಅವರು ತೀರಿಕೊಂಡ ಮೇಲೆ 1998ರಲ್ಲಿ ಅಪ್ಪಯ್ಯನ ಹೆಸರಿಗೆ ಬರುವಷ್ಟರಲ್ಲಿ ನಾವು ಉಡುಪಿ ಜಿಲ್ಲೆ. ಈಗ ಬೈಂದೂರೇ ತಾಲೂಕು. 2016ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ತುಂಬಿದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಅಪ್ಪಯ್ಯ ಆಗಲೇ 25 ವರ್ಷ ದಾಟಿದ್ದಾರೆ.

“ನಿನ್ನ ಹೆಸ್ರಿಗ್ ಮಾಡ್ವಾ ಮಗಾ? ರೋಗ ಕಂಡ್‌ಹಿಡ್ದವ್ಳ್ ನೀನೇ ಅಲ್ದಾ.”

ಫೋನ್ ಹಿಡಿದುಕೊಂಡು ತುಂಬ ಹೊತ್ತು ಸುಮ್ಮನಿದ್ದೆ. ರೋಗ ಕಂಡುಹಿಡಿದದ್ದು ನಿಜ. ಆದರೆ ಕೋವಿಯ ರೋಗ ಮಾತ್ರ. ಅವತ್ತು ನಳಿಗೆ ನನ್ನ ಕಡೆ ತಿರುಗಿದ್ದಕ್ಕೆ ತೆಂಗಿನೆಣ್ಣೆ ಕಾರಣ ಅಲ್ಲ. ಸದ್ದು ಬರಲಿಲ್ಲ, ಆದ್ದರಿಂದ ಅಪಾಯ ಮುಗಿಯಿತು ಎಂದುಕೊಂಡದ್ದು ಕಾರಣ. ಅದಕ್ಕೆ ಮಂಗಳೂರಿನ ಮಿಸ್ತ್ರಿ ಹತ್ತಿರ ಮದ್ದಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನು ಅದನ್ನು ಇಟ್ಟುಕೊಳ್ಳಲಾರೆ, ಊರಿನಲ್ಲಿ ನಾನಿಲ್ಲದೆ ನನ್ನ ಹೆಸರಿನ ಕೋವಿಯನ್ನು ಬೇರೆಯವರು ಬಳಸುವಂತಿಲ್ಲ.

“ಬೇಡ ಅಪ್ಪಯ್ಯ” ಅಂದೆ. “ಮುಂದಿನ ನವೀಕರಣ ಬರುವವರೆಗೆ ನೀವೇ ಇಟ್ಟುಕೊಳ್ಳಿ. ಆಮೇಲೆ ಅಂಗಡಿಗೋ ಠಾಣೆಗೋ ಕ್ರಮಪ್ರಕಾರ ಒಪ್ಪಿಸಿಬಿಡೋಣ. ನೋಟ್‌ಬುಕ್ ಮಾತ್ರ ನನಗೆ ಕೊಡಿ.”

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ಕಾಂಬ” ಅಂದು ಫೋನ್ ಇಟ್ಟರು.

ಕಳೆದ ಸಲ ಊರಿಗೆ ಹೋದಾಗ ನೋಟ್‌ಬುಕ್ ತೆರೆದು ನೋಡಿದೆ. ಹೊಸ ಪುಟದಲ್ಲಿ ಅಪ್ಪಯ್ಯ ಒಂದು ಕಾಲಂ ಹೆಚ್ಚಿಗೆ ಗೀಟು ಹಾಕಿಕೊಂಡಿದ್ದರು. ತಾರೀಕು, ಹೊತ್ತು, ತೋಟೆ, ಹಾರಿತಾ, ಕೊನೆಯಲ್ಲಿ ‘ಎಣಿಸಿದ್ದು’. ಇಡೀ ಪುಟದಲ್ಲಿ ‘ಇಲ್ಲ’ ಇದ್ದದ್ದು ಒಂದೇ ಸಾಲಿನಲ್ಲಿ. ಅದರ ಮುಂದೆ ದುಂಡಗೆ ಬರೆದಿದ್ದರು: 100.